ಒಂದೇ ವಿಳಾಸ, ಎರಡು ಬಾಗಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಚೆನ್ನಾಗಿಯೇ ಇದ್ದ ನೆಟ್‌ವರ್ಕ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಪ್ರಿಂಟರ್ ಸಿಗುವುದಿಲ್ಲ, ಇಂಟರ್ನೆಟ್ ಇಲ್ಲ. ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್ ಹತ್ತಿರ ಹೋಗಿ ನೋಡಿದರೆ ಎಲ್ಲ ದೀಪಗಳೂ ಒಂದೇ ತಾಳಕ್ಕೆ ಪಟಪಟ ಮಿನುಗುತ್ತಿರುತ್ತವೆ. ಆರೋಗ್ಯವಾಗಿರುವ ಸ್ವಿಚ್‌ನಲ್ಲಿ ಒಂದೊಂದು ದೀಪಕ್ಕೂ ಅದರದ್ದೇ ಲಯ ಇರುತ್ತದೆ. ಎಲ್ಲವೂ ಒಟ್ಟಿಗೆ ಕುಣಿಯುತ್ತಿದ್ದರೆ ನನ್ನ ಮೊದಲ ಅನುಮಾನ ಲೂಪ್ ಮೇಲೆ, ಅಂದರೆ ಕೇಬಲ್‌ಗಳು ಸುತ್ತಿ ಬಂದು ಸೇರಿ ಬಳೆಯಂತಾಗಿರುವುದರ ಮೇಲೆ.

ಸ್ವಿಚ್ ಕೆಲಸ ಮಾಡುವ ರೀತಿ ಸರಳ. ಪ್ರತಿ ಕಂಪ್ಯೂಟರ್‌ಗೂ 48 ಬಿಟ್‌ನ ಒಂದು ಮ್ಯಾಕ್ ವಿಳಾಸ ಇರುತ್ತದೆ. ಮಾಹಿತಿ ಫ್ರೇಮ್ ಎಂಬ ತುಂಡುಗಳಾಗಿ ಬರುತ್ತದೆ; ಕೇಬಲ್ ಚುಚ್ಚುವ ಕಿಂಡಿಗೆ ಪೋರ್ಟ್ ಅನ್ನುತ್ತಾರೆ. ಯಾವ ವಿಳಾಸದಿಂದ ಬಂದ ಫ್ರೇಮ್ ಯಾವ ಪೋರ್ಟ್‌ನಲ್ಲಿ ಒಳಗೆ ಬಂತು ಎಂದು ಸ್ವಿಚ್ ಬರೆದಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಅಂತ ಕಳಿಸಿದ ಬ್ರಾಡ್‌ಕಾಸ್ಟ್ ಫ್ರೇಮ್ ಬಂದರೆ, ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲ ಪೋರ್ಟ್‌ಗಳಿಗೂ ಹಂಚುತ್ತದೆ.

ಈಗ ಎರಡು ಸ್ವಿಚ್‌ಗಳ ನಡುವೆ ಎರಡು ದಾರಿ ತೆರೆದಿವೆ ಅಂದುಕೊಳ್ಳಿ. ಒಂದು ದಾರಿಯಲ್ಲಿ ಹೋದ ಫ್ರೇಮ್ ಇನ್ನೊಂದು ದಾರಿಯಲ್ಲಿ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಹೋಗುವ ಐಪಿ ಪ್ಯಾಕೆಟ್‌ಗಾದರೆ ಆಯಸ್ಸಿನ ಲೆಕ್ಕ ಇದೆ. ದಾರಿಯಲ್ಲಿ ಸಿಗುವ ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆಯುತ್ತದೆ. ಸ್ವಿಚ್ ಹಂಚುವ ಈಥರ್ನೆಟ್ ಫ್ರೇಮ್‌ಗೆ ಆ ಲೆಕ್ಕವೇ ಇಲ್ಲ. ಅದು ಸುತ್ತುತ್ತಲೇ ಇದ್ದು, ಬೇರೆ ಫ್ರೇಮ್‌ಗಳಿಗೆ ದಾರಿಯಿಲ್ಲದಂತೆ ಮಾಡುತ್ತದೆ. ಸುತ್ತಿ ಬಂದಾಗಲೆಲ್ಲ ಹಳೆಯ ವಿಳಾಸ ಹೊಸ ಪೋರ್ಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ವಿಚ್ ಪಾಪ, ಕಂಪ್ಯೂಟರ್ ಜಾಗ ಬದಲಿಸಿತು ಎಂದು ನಂಬಿ ಬರೆದದ್ದನ್ನು ತಿದ್ದುತ್ತದೆ. ಇದನ್ನೇ ಮ್ಯಾಕ್ ಫ್ಲ್ಯಾಪಿಂಗ್ ಅನ್ನುವುದು.

ಒಮ್ಮೆ ನಾವು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಹೀಗಾಯಿತು. ಗಾಬರಿಯಲ್ಲಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆವು. ಸ್ವಲ್ಪ ಹೊತ್ತು ಸರಿಹೋಯಿತು, ಮತ್ತೆ ಬಿತ್ತು. ಅದರ ಜೊತೆ ಸ್ವಿಚ್‌ನ ನೆನಪಿನಲ್ಲಿದ್ದ ಲಾಗ್, ಅಂದರೆ ನಡೆದದ್ದರ ದಾಖಲೆ ಕೂಡ ಅಳಿಸಿಹೋಯಿತು. ನೆಟ್‌ವರ್ಕ್ ಮೂಲಕ ಲಾಗಿನ್ ಆಗಲು ಬರುತ್ತಿರಲಿಲ್ಲ. ಕೊನೆಗೆ ಸ್ವಿಚ್‌ಗೇ ನೇರವಾಗಿ ಕನ್ಸೋಲ್ ಕೇಬಲ್ ಹಾಕಿ ನೋಡಿದರೆ, ಹತ್ತಾರು ವಿಳಾಸಗಳು 7ನೇ ಪೋರ್ಟ್ ಮತ್ತು 19ನೇ ಪೋರ್ಟ್ ನಡುವೆ ಓಡಾಡುತ್ತಿದ್ದವು. ಎರಡೂ ಕೇಬಲ್‌ಗಳನ್ನು ಹಿಡಿದು ಹೋದರೆ, ಎರಡೂ ಒಂದೇ ಮೇಜಿನ ಕೆಳಗಿದ್ದ ಸಣ್ಣ ಸ್ವಿಚ್‌ಗೆ ಬಂದು ಸೇರಿದ್ದವು. ಗೋಡೆಯ ನೆಟ್‌ವರ್ಕ್ ಸಾಕೆಟ್ ಖಾಲಿ ಇತ್ತಲ್ವಾ, ಯಾರೋ ಒಳ್ಳೆಯ ಮನಸ್ಸಿನಿಂದಲೇ ಚುಚ್ಚಿದ್ದರು. ಒಂದು ಕೇಬಲ್ ಕಿತ್ತ ಕೂಡಲೇ ದೀಪಗಳು ತಣ್ಣಗಾದವು.

ಲಾಗ್‌ನಲ್ಲಿ ಬರುವ ಮ್ಯಾಕ್ ಫ್ಲ್ಯಾಪಿಂಗ್ ಸಾಲನ್ನು ದಯವಿಟ್ಟು ಸುಮ್ನೆ ಬಿಡಬೇಡಿ. ಎರಡು ಪೋರ್ಟ್ ನಂಬರ್ ಅದರಲ್ಲೇ ಇರುತ್ತದೆ. ಹುಡುಕುವ ದಾರಿ ಅದೇ. ಆದರೆ ಫ್ಲ್ಯಾಪಿಂಗ್ ಅಂದರೆಲ್ಲ ಲೂಪ್ ಅಲ್ಲ. ಒಂದೇ ವಿಳಾಸ ಆಗೊಮ್ಮೆ ಈಗೊಮ್ಮೆ ಜಾಗ ಬದಲಿಸಿದರೆ, ಯಾರೋ ವೈಫೈ ಲ್ಯಾಪ್‌ಟಾಪ್ ಹಿಡಿದು ಓಡಾಡುತ್ತಿರಬಹುದು. ಸರ್ವರ್‌ನಲ್ಲಿ ಎರಡು ಕೇಬಲ್‌ಗಳನ್ನು ಒಂದೇ ದಾರಿಯಂತೆ ಜೋಡಿ ಮಾಡಿ, ಸ್ವಿಚ್ ಕಡೆ ಅದನ್ನು ಹೇಳಲು ಮರೆತಿದ್ದರೂ ಹೀಗೇ ಆಗುತ್ತದೆ. ತುಂಬಾ ವಿಳಾಸಗಳು, ಅದೇ ಎರಡು ಪೋರ್ಟ್, ಎಡೆಬಿಡದೆ — ಆಗ ಲೂಪ್ ಹುಡುಕಿ.

ಇದನ್ನು ತಡೆಯಲು ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ಇದೆಯಲ್ಲ ಎಂದು ನೀವು ಕೇಳಬಹುದು. 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಅದನ್ನು ರೂಪಿಸಿದರು. ಸ್ವಿಚ್‌ಗಳು 2 ಸೆಕೆಂಡಿಗೊಮ್ಮೆ ಸಂದೇಶ ಕಳಿಸಿ, ಬೇಕಾದ್ದಕ್ಕಿಂತ ಹೆಚ್ಚಿರುವ ದಾರಿಯನ್ನು ಮುಚ್ಚಿಡುತ್ತವೆ. ಸಂದೇಶ ಬರುತ್ತಿರುವವರೆಗೆ ಮಾತ್ರ ಅದು ಮುಚ್ಚಿರುತ್ತದೆ. ನಮ್ಮ ಮೇಜಿನ ಕೆಳಗಿದ್ದ ಸ್ವಿಚ್ ಆ ಸಂದೇಶವನ್ನು ಮುಂದೆ ಬಿಡದೆ ನುಂಗುತ್ತಿತ್ತು. ಫೈಬರ್ ಕೇಬಲ್‌ನಲ್ಲಿ ಕಳಿಸಲು ಒಂದು, ಪಡೆಯಲು ಒಂದು ಎಂದಿರುವ ಎರಡು ಎಳೆಗಳಲ್ಲಿ ಒಂದು ಮಾತ್ರ ಕೆಟ್ಟಾಗಲೂ ಇದೇ ಪಾಡು. ಸಂದೇಶ ನಿಂತಿತು ಎಂದರೆ, ದಾರಿ ಖಾಲಿ ಇದೆ ಎಂದುಕೊಂಡು ಸ್ವಿಚ್ ಬಾಗಿಲು ತೆರೆದುಬಿಡುತ್ತದೆ.

ಹಾಗಾಗಿ ಮೇಜುಗಳ ಕಡೆ ಹೋಗುವ ಪೋರ್ಟ್‌ಗಳಲ್ಲಿ ಬ್ರಾಡ್‌ಕಾಸ್ಟ್‌ಗೆ ಮಿತಿ ಹಾಕಿಡುವುದು ಬಹಳ ಮುಖ್ಯ. ನಾವು ಅದನ್ನು ಅವತ್ತೇ ಸಂಜೆ ಹಾಕಿದೆವು. ಮರುದಿನ ಪ್ರತಿ ಸಾಕೆಟ್ ಮೇಲೂ ಪೋರ್ಟ್ ನಂಬರ್ ಬರೆದ ಚೀಟಿ ಅಂಟಿಸಿದೆವು. ಅವತ್ತು ನಮಗೆ ಹೆಚ್ಚು ಹೊತ್ತು ಹಿಡಿದದ್ದು 19ನೇ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಹುಡುಕಲಿಕ್ಕೆ.

ನಮಸ್ಕಾರ.