ಗೆರೆ ಎಳೆದರೆ ಕಾಣುವ ಇಂಗ್ಲಿಷ್

ಕೇಳುಗರೆಲ್ಲರಿಗೂ ನಮಸ್ಕಾರ.

ಗೆರೆ ಎಳೆಯುವ ವಿಷಯವನ್ನು ರೇಡಿಯೋದಲ್ಲಿ ಹೇಳೋಕೆ ಹೊರಟಿದ್ದೀನಿ, ನಗಬೇಡಿ. ಹಳೇ ಕ್ಯಾಲೆಂಡರಿನ ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಂಡರೆ ಸಾಕು. ಒಲೆ ಮುಂದೆ ಇರುವವರು ಮನಸ್ಸಿನಲ್ಲೇ ಎಳೆದುಕೊಳ್ಳಿ.

ನಾನು ಸಕಲೇಶಪುರದ ಕಡೆ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಎಂಟನೇ ಕ್ಲಾಸಿನ ಹುಡುಗನೊಬ್ಬ ರಜಾ ಚೀಟಿ ತಂದಿದ್ದ. ‘ಫೀವರ್ ಕೇಮ್ ಟು ಮಿ’ ಅಂತ ಬರೆದಿದ್ದ. ಕೆಂಪು ಇಂಕಿನಲ್ಲಿ ಹೊಡೆದುಹಾಕಿ ‘ಐ ಹ್ಯಾಡ್ ಫೀವರ್’ ಅಂತ ತಿದ್ದಿದೆ. “ಯಾಕೆ ಸಾರ್, ಜ್ವರ ತಾನೇ ನಂಗೆ ಬಂದಿದ್ದು?” ಅಂದ. “ಇಂಗ್ಲಿಷಿನಲ್ಲಿ ಹಂಗೇ ಕಣೋ” ಅಂತ ಹೇಳಿ ಕಳಿಸಿದೆ. ಗೊತ್ತಿಲ್ಲದ್ದಕ್ಕೆಲ್ಲ ಮೇಷ್ಟ್ರುಗಳು ಕೊಡುವ ಉತ್ತರ ಅದು.

ಕೆಲವು ವರ್ಷದ ಮೇಲೆ ಹಾಸನದ ರದ್ದಿ ಅಂಗಡಿಯೊಂದರಲ್ಲಿ ಹಳೇ ಇಂಗ್ಲಿಷ್ ವ್ಯಾಕರಣದ ಪುಸ್ತಕ ಸಿಕ್ಕಿತು. ಪುಟದ ತುಂಬ ಗೆರೆಗಳು, ಮನೆಯ ವೈರಿಂಗ್ ನಕ್ಷೆಯ ಹಾಗೆ. ವಾಕ್ಯವನ್ನು ಬಿಡಿಸಿ, ಒಂದೊಂದು ಪದವನ್ನೂ ಒಂದೊಂದು ಗೆರೆಯ ಮೇಲೆ ಕೂರಿಸುವ ಪದ್ಧತಿ ಅದು. ಡಯಾಗ್ರಾಮಿಂಗ್ ಅಂತಾರೆ. ಅಮೆರಿಕದವರ ಕಸುಬು. 1847ರಲ್ಲಿ ಸ್ಟೀಫನ್ ಕ್ಲಾರ್ಕ್ ಅನ್ನುವವರು ಪದಗಳನ್ನು ಬಲೂನಿನಂಥ ಗುಳ್ಳೆಗಳಲ್ಲಿ ತುಂಬಿ ತೋರಿಸಿದ್ದರು. ಬ್ರೂಕ್ಲಿನ್‌ನ ಅಲೋಂಜೋ ರೀಡ್ ಮತ್ತು ಬ್ರೈನರ್ಡ್ ಕೆಲಾಗ್ 1877ರಲ್ಲಿ ತಂದ ಪಠ್ಯದಲ್ಲಿ ಗುಳ್ಳೆ ಹೋಗಿ ಗೆರೆ ಬಂತು. ಅಲ್ಲಿನ ಶಾಲೆಗಳಲ್ಲಿ ಬಹಳ ಕಾಲ ಮಕ್ಕಳು ಕಲಿತಿದ್ದು ಆ ಗೆರೆಗಳನ್ನೇ. ಈಗ ಕೆಲವು ಕಡೆ ಮಾತ್ರ ಉಳಿದಿದೆ.

ಈಗ ಪೆನ್ಸಿಲ್ ತಗೊಳ್ಳಿ. ‘ದಿ ಎಲಿಫೆಂಟ್ ಬ್ರೋಕ್ ದಿ ಗೇಟ್.’ ಸಕಲೇಶಪುರ, ಆಲೂರು ಕಡೆಯವರಿಗೆ ಈ ವಾಕ್ಯದ ಅರ್ಥ ಹೇಳಬೇಕಾಗಿಲ್ಲ. ಮನೆಯ ತೊಲೆಯ ಹಾಗೆ ಉದ್ದಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಎಡಗಡೆ ಎಲಿಫೆಂಟ್. ಅದರ ಪಕ್ಕ ತೊಲೆಯನ್ನು ಸೀಳಿಕೊಂಡು ಕೆಳಗೆ ಇಳಿಯುವ ಒಂದು ನೆಟ್ಟಗೆರೆ. ಕರ್ತೃವಿನ ಮನೆ ಅಲ್ಲಿಗೆ ಮುಗಿಯಿತು. ಆಚೆ ಬ್ರೋಕ್. ಆಮೇಲೆ ಇನ್ನೊಂದು ನೆಟ್ಟಗೆರೆ, ಆದರೆ ಇದು ತೊಲೆಯನ್ನು ಮುಟ್ಟಿ ನಿಲ್ಲುತ್ತೆ, ಕೆಳಗೆ ಇಳಿಯೋದಿಲ್ಲ. ಅದರಾಚೆ ಗೇಟ್. ಎರಡು ‘ದಿ’ಗಳನ್ನು ಅವುಗಳ ಯಜಮಾನರ ಕೆಳಗೆ ಓರೆಗೆರೆ ಎಳೆದು ನೇತುಹಾಕಿ. ಮುಗಿಯಿತು.

ಇದರಲ್ಲೇನು ಮಹಾ ಅಂತೀರಾ? ಕನ್ನಡದಲ್ಲಿ ‘ಆನೆ ಗೇಟನ್ನು ಮುರಿಯಿತು’ ಅನ್ನಿ, ‘ಗೇಟನ್ನು ಆನೆ ಮುರಿಯಿತು’ ಅನ್ನಿ, ‘ಮುರೀತಲ್ಲಪ್ಪ ಆನೆ ಗೇಟನ್ನ’ ಅಂತ ಬೇಕಾದರೂ ಅನ್ನಿ, ಮುರಿದಿದ್ದು ಆನೆಯೇ. ‘ಅನ್ನು’ ಅನ್ನೋ ಪ್ರತ್ಯಯ ಗೇಟಿನ ಕೊರಳಿಗೆ ಕಟ್ಟಿದ ಗಂಟೆ. ಎಲ್ಲಿ ಹೋದರೂ ಗುರುತು ಸಿಗುತ್ತೆ. ಇಂಗ್ಲಿಷಿನಲ್ಲಿ ಆ ಗಂಟೆ ಇಲ್ಲ. ಪದಗಳನ್ನು ಅದಲುಬದಲು ಮಾಡಿದರೆ ಗೇಟೇ ಆನೆಯನ್ನು ಮುರಿದುಬಿಡುತ್ತೆ. ಅಲ್ಲಿ ಕೂತ ಜಾಗವೇ ವಿಭಕ್ತಿ. ನಮ್ಮ ಮಕ್ಕಳಿಗೆ ಪ್ರಥಮಾ, ದ್ವಿತೀಯಾ ಬಾಯಿಪಾಠ ಮಾಡಿಸಿದ ನಾವು ಈ ಒಂದು ಮಾತನ್ನು ಹೇಳಲೇ ಇಲ್ಲ.

ಆ ಹುಡುಗನ ಜ್ವರ ನನಗೆ ಅರ್ಥವಾಗಿದ್ದು ಆಗ. ನಮ್ಮಲ್ಲಿ ಜ್ವರ ಬರುತ್ತೆ, ಹಸಿವು ಆಗುತ್ತೆ, ನಿದ್ದೆ ಬರುತ್ತೆ. ಕರ್ತೃವಿನ ಪೀಠದಲ್ಲಿ ಅವು ಕೂತಿರುತ್ತವೆ. ನಾನು ‘ಗೆ’ ಹಚ್ಚಿಕೊಂಡು ‘ನನಗೆ’ ಅಂತ ಬಾಗಿಲ ಹತ್ತಿರ ನಿಂತಿರುತ್ತೀನಿ. ಇಂಥ ಕಡೆಯೆಲ್ಲ ಇಂಗ್ಲಿಷ್ ಸಾಮಾನ್ಯವಾಗಿ ಮನುಷ್ಯನನ್ನೇ ಎಳೆದು ತಂದು ಎಡಗಡೆ ಕೂರಿಸುತ್ತೆ. ಐ ಹ್ಯಾಡ್ ಫೀವರ್. ಐ ವಾಂಟ್ ಕಾಫಿ. ಐ ನೋ. ಹುಡುಗ ಕನ್ನಡದ ನಕ್ಷೆ ಹಿಡಿದುಕೊಂಡು ಇಂಗ್ಲಿಷ್ ಮನೆ ಕಟ್ಟಿದ್ದ, ಅಷ್ಟೆ.

ಇನ್ನೊಂದು ನೋಡಿ. ‘ಕಾಫಿ ಬಿಸಿ.’ ಕನ್ನಡದಲ್ಲಿ ಇದು ಪೂರ್ತಿ ವಾಕ್ಯ, ಕ್ರಿಯಾಪದವೇ ಬೇಡ. ಮಕ್ಕಳು ಅದನ್ನೇ ‘ದಿ ಕಾಫಿ ಹಾಟ್’ ಅಂತ ಬರೆಯುತ್ತಾರೆ. ತೊಲೆ ಎಳೆಸಿದರೆ ಸೀಳುಗೆರೆಯ ಆಚೆ ಜಾಗ ಖಾಲಿ ಬಿದ್ದಿರೋದು ಅವರ ಕಣ್ಣಿಗೇ ಕಾಣುತ್ತೆ. ‘ಈಸ್’ ಬೇಕು ಅಂತ ನಾವು ಕಿರುಚಬೇಕಾಗಿಲ್ಲ. ಈಸ್ ಆದ ಮೇಲೆ ಬರುವ ಗೆರೆ ನೆಟ್ಟಗಿರೋದಿಲ್ಲ, ಹಿಂದಕ್ಕೆ, ಕಾಫಿಯ ಕಡೆಗೇ ವಾಲಿರುತ್ತೆ. ಬಿಸಿ ಕಾಫಿಯದ್ದೇ ತಾನೇ?

‘ಐ ಸಾ ಆನ್ ಎಲಿಫೆಂಟ್ ಫ್ರಮ್ ದಿ ಬಸ್’ ಅನ್ನೋದನ್ನು ಬೋರ್ಡಿನ ಮೇಲೆ ಬರೆದಾಗಂತೂ ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ‘ಫ್ರಮ್ ದಿ ಬಸ್’ ಅನ್ನೋದನ್ನು ‘ಸಾ’ ಕೆಳಗೆ ತೂಗುಹಾಕಿದರೆ ನಾನು ಬಸ್ಸಿನಲ್ಲಿ ಕೂತು ಆನೆ ನೋಡಿದೆ. ಒಬ್ಬಳು ಹುಡುಗಿ ಅದನ್ನು ಎಲಿಫೆಂಟ್ ಕೆಳಗೆ ತೂಗುಹಾಕಿದ್ದಳು. ಆನೆ ಟಿಕೆಟ್ ತಗೊಂಡು ಬಸ್ಸಿನಿಂದ ಇಳಿದುಬಂದಿತ್ತು.

ಗೆರೆ ಎಳೆದ ಮಾತ್ರಕ್ಕೆ ಇಂಗ್ಲಿಷ್ ಮಾತಾಡೋಕೆ ಬರೋದಿಲ್ಲ. ಆ ಆಸೆ ನನಗೂ ಇಲ್ಲ. ಮಾತು ಮಾತಾಡಿಯೇ ಬರಬೇಕು. ಉದ್ದುದ್ದ ವಾಕ್ಯಗಳನ್ನು ಎಳೆಯೋಕೆ ಹೋದರೆ ಹಾಳೆ ಜೇಡರ ಬಲೆ ಆಗುತ್ತೆ. ನಾನಂತೂ ಎಂಟು ಪದ ದಾಟಿದ ವಾಕ್ಯ ಕೊಡುತ್ತಿರಲಿಲ್ಲ.

ಹೋಗೋ ಮುಂಚೆ ಒಂದು ಚಿಕ್ಕದು. ‘ಗಿವ್ ಮಿ ಕಾಫಿ.’ ಎಡಗಡೆ ಯಾರೂ ಇಲ್ಲ. ಕೇಳಿಸದ ಆ ‘ಯು’ವನ್ನು ಕಂಸದೊಳಗೆ ಬರೆಯಬೇಕು. ತೊಲೆಯ ಮೇಲೆ ಗಿವ್, ಅದರಾಚೆ ಕಾಫಿ. ಹಾಗಾದರೆ ‘ಮಿ’ ಎಲ್ಲಿ? ಗಿವ್ ಕೆಳಗೆ ಒಂದು ಓರೆಗೆರೆ, ಅದರ ತುದಿಗೆ ಒಂದು ಪುಟ್ಟ ಅಡ್ಡಗೆರೆ, ಅದರ ಮೇಲೆ ಮಿ. ಓರೆಗೆರೆಯ ಮೇಲೆ ಏನೂ ಬರೆಯೋದಿಲ್ಲ, ಅದು ಖಾಲಿ. ನಾನು ಬೋರ್ಡಿನ ಮುಂದೆ ನಿಂತು ತುಂಬ ಹೊತ್ತು ಆ ಖಾಲಿ ಗೆರೆಯನ್ನೇ ನೋಡಿದ್ದೀನಿ. ‘ನನಗೆ ಕಾಫಿ ಕೊಡಿ’ ಅನ್ನುವಾಗ ನಾವು ಬಾಯಿಬಿಟ್ಟು ಹೇಳುವ ‘ಗೆ’ ಇರಬೇಕಾದ ಜಾಗ ಅದು.

ನಮಸ್ಕಾರ.