ಒಬ್ಬರ ಮೇಲೆಯೇ ಎರಡು ಪರೀಕ್ಷೆ

ಕೇಳುಗರಿಗೆ ನಮಸ್ಕಾರ. ನಮ್ಮ ಕೊಡಗಿನ ತೋಟಗಳ ರೋಬಸ್ಟಾ ಕಾಫಿ ಬೀಜದಲ್ಲಿ ಇನ್ನೊಂದು ತಳಿಯಾದ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ರೋಬಸ್ಟಾ ಕುಡಿದವರ ಗಮನ ಹೆಚ್ಚು ಚುರುಕಾಗುವುದೇ ಎಂದು ಮಡಿಕೇರಿಯ ಕಾಲೇಜೊಂದರಲ್ಲಿ ಪರೀಕ್ಷಿಸಲು ಹೊರಟೆವೆಂದು ಇಟ್ಟುಕೊಳ್ಳೋಣ. ಬೆಳಿಗ್ಗೆ ಅರೇಬಿಕಾ ಕೊಟ್ಟು, ಅಚ್ಚಾದ ಪುಟದಲ್ಲಿ ‘ಕ’ ಕಂಡಲ್ಲೆಲ್ಲ ಗೆರೆ ಎಳೆಯಲು ಹೇಳಿ, ಮಧ್ಯಾಹ್ನ ಅದೇ ವಿದ್ಯಾರ್ಥಿಗಳಿಗೆ ರೋಬಸ್ಟಾ ಕೊಟ್ಟು ಅದೇ ಕೆಲಸ ಮಾಡಿಸುವುದು ಸುಲಭದ ದಾರಿ. ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವುದರಿಂದ ವ್ಯಕ್ತಿ ವ್ಯಕ್ತಿಗಳ ನಡುವಿನ ಅಂತರ ಅಡ್ಡ ಬರುವುದಿಲ್ಲ. ಕಡಿಮೆ ಜನ ಸಾಕಾಗುತ್ತಾರೆ. ಮನೋವಿಜ್ಞಾನಿಗಳಿಗೆ ಈ ವಿಧಾನದ ಮೇಲೆ ಒಲವಿರುವುದು ಸಹಜವೇ.

ಆದರೆ ಮಧ್ಯಾಹ್ನದ ಅಂಕ ಏರಿದರೆ ಅದು ಕಾಫಿಯಿಂದಲೋ, ಬೆಳಿಗ್ಗೆಯೇ ಕೈ ಪಳಗಿದ್ದರಿಂದಲೋ? ಇಳಿದರೆ ದಣಿವಿನಿಂದಲೋ? ಆರೋಗ್ಯವಂತ ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು; ಆದ್ದರಿಂದ ಬೆಳಗಿನ ಲೋಟದ ಪ್ರಭಾವ ಮಧ್ಯಾಹ್ನವೂ ಇದ್ದೇ ಇರುತ್ತದೆ. ಅರ್ಧದಷ್ಟು ಜನರಿಗೆ ಕ್ರಮವನ್ನು ತಿರುಗಿಸಿ ಕೊಟ್ಟರೆ ಸರಿಹೋಗುತ್ತದೆ ಎನ್ನುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಅರೆ ಉತ್ತರ. ಎರಡೂ ಕ್ರಮಗಳಲ್ಲಿ ಉಳಿದುಬರುವ ಪ್ರಭಾವ ಸಮನಾಗಿದ್ದರೆ ಮಾತ್ರ ಲೆಕ್ಕ ಸರಿದೂಗುತ್ತದೆ. ಇಲ್ಲಿ ರೋಬಸ್ಟಾದ ಶೇಷವೇ ಹೆಚ್ಚು; ಅದು ನಂತರದ ಅರೇಬಿಕಾದ ಅಂಕಕ್ಕೆ ಸೇರಿಕೊಂಡು, ಎರಡು ಕಾಫಿಗಳ ನಡುವಿನ ವ್ಯತ್ಯಾಸ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣಬಹುದು. ಪರೀಕ್ಷೆಗಳನ್ನು ಬೇರೆ ಬೇರೆ ದಿನ ಇಟ್ಟರೆ ಕೆಫೀನ್ ಇಳಿದುಹೋಗುತ್ತದೆ, ಪಳಗಿದ ಕೈ ಮಾತ್ರ ಹಾಗೇ ಉಳಿಯುತ್ತದೆ.

ಈ ತೊಡಕು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಮರೆವಿನ ಅಧ್ಯಯನವೇ ಸಾಕ್ಷಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಒಂದೇ ದಿನದಲ್ಲಿ ಬಹುಪಾಲು ಮರೆತುಹೋಗುತ್ತದೆಂದು 1885ರಲ್ಲಿ ಪ್ರಕಟಿಸಿದರು. ಅಮೆರಿಕದ ಬೆಂಟನ್ ಅಂಡರ್‌ವುಡ್ 1957ರಲ್ಲಿ ಹಲವು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೊದಲೇ ಅನೇಕ ಪಟ್ಟಿಗಳನ್ನು ಕಲಿತಿದ್ದವರು ಮಾತ್ರ ಅಷ್ಟೊಂದು ಮರೆಯುತ್ತಿದ್ದರು. ಒಂದೇ ಪಟ್ಟಿ ಕಲಿತವರು ಮರುದಿನ ಮರೆತದ್ದು ಸುಮಾರು ಕಾಲುಭಾಗವನ್ನಷ್ಟೇ. ದಶಕಗಳ ಕಾಲ ಮನುಷ್ಯನ ಸಹಜ ಮರೆವು ಎಂದು ನಂಬಿದ್ದರಲ್ಲಿ ದೊಡ್ಡ ಪಾಲು, ಒಬ್ಬರನ್ನೇ ಮತ್ತೆ ಮತ್ತೆ ಪರೀಕ್ಷಿಸಿದ್ದರ ಫಲವಾಗಿತ್ತು.

ಇನ್ನೊಂದು ಸಂಗತಿ: ಎರಡು ಲೋಟಗಳ ರುಚಿಯ ಅಂತರ ಕಂಡ ವಿದ್ಯಾರ್ಥಿ ಪ್ರಯೋಗದ ಉದ್ದೇಶವನ್ನು ಊಹಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳಬಹುದು.

ಆದ್ದರಿಂದ ಪ್ರಾಜೆಕ್ಟ್ ಮಾಡುವ ನಮ್ಮ ವಿದ್ಯಾರ್ಥಿಗಳು ಪ್ರತಿಯೊಬ್ಬರ ಮೊದಲ ಪರೀಕ್ಷೆಯ ಅಂಕಗಳನ್ನಷ್ಟೇ ತೆಗೆದು ಎರಡು ಗುಂಪುಗಳಾಗಿ ಹೋಲಿಸಿ ನೋಡಲಿ; ಆ ಫಲಿತಾಂಶ ಪೂರ್ಣ ಲೆಕ್ಕಕ್ಕೆ ಹೊಂದದಿದ್ದರೆ, ಅದನ್ನೂ ವರದಿಯಲ್ಲಿ ಬರೆಯಲಿ.