ಮಳೆಗೆ ಮುಂಚೆ ಜಗಲಿಯ ಮೇಲೆ ಸಸಿ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ನಡುವಿನ ಅಶ್ವಿನಿ ಮಳೆಯ ದಿನಗಳು ನಡೆಯುತ್ತಿವೆ. ಮೂಡಿಗೆರೆ, ಸಕಲೇಶಪುರದ ಕಡೆ ಹೂಮಳೆ ಬಿದ್ದು, ಕಾಫಿ ತೋಟಗಳು ಬೆಳ್ಳಗೆ ಅರಳಿ, ಹೂ ಬಾಡಿದ್ದೂ ಆಯಿತು. ಅರಸೀಕೆರೆಯವರು ಇನ್ನೂ ಮೋಡ ನೋಡುತ್ತಿದ್ದಾರೆ. ಈ ಬಿಸಿಲಿನಲ್ಲಿ ಹಿತ್ತಲಿನ ತರಕಾರಿ ಯಾರಿಗೆ ನೆನಪಾಗುತ್ತದೆ? ಆದರೆ ಜಗಲಿಯ ಮೇಲೆ ಮೆಣಸಿನಕಾಯಿ ಬೀಜ ಹಾಕಿ ಸಸಿ ಎಬ್ಬಿಸುವ ಹೊತ್ತು ಇದೇ.

ಇಲ್ಲಿ ದಿನವನ್ನು ಹಿಂದಕ್ಕೆ ಎಣಿಸಬೇಕು. ಹಿಮ ಬೀಳುವ ದೇಶಗಳಲ್ಲಿ ಮನೆಯೊಳಗೆ ಸಸಿ ಎಬ್ಬಿಸುವವರು ಕೊನೆಯ ಹಿಮ ಯಾವಾಗ ಎಂದು ನೋಡಿ ಎಣಿಸುತ್ತಾರೆ. ನಮಗೆ ಮಳೆಯೇ ಗಡುವು. ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತದೆ. ಜೂನ್ 1ಕ್ಕೆ ನೆಡುತ್ತೇವೆ ಎಂದಿಟ್ಟುಕೊಳ್ಳಿ. ಮೆಣಸಿನಕಾಯಿ ಸಸಿಗೆ 40 ದಿನ ಬೇಕು, ಅಂದರೆ ಏಪ್ರಿಲ್ 22ಕ್ಕೆ ಬೀಜ ಮಣ್ಣಿನಲ್ಲಿರಬೇಕು. ಬದನೆ ಏಪ್ರಿಲ್ ಕೊನೆಗೆ. ಟೊಮೆಟೊಗೆ 25 ದಿನ ಸಾಕು, ಮೇ ಮೊದಲ ವಾರಕ್ಕೆ ಬಿಡಿ. ಜೂನ್ ಕೊನೆಯ ಆರಿದ್ರಾ ಮಳೆ ಹಿಡಿದುಕೊಳ್ಳುವುದರೊಳಗೆ ಬೇರು ಊರಿರದ ಗಿಡ ಮಲೆನಾಡಿನಲ್ಲಿ ನಿಲ್ಲುವುದು ಕಷ್ಟ.

ನೆಲದಲ್ಲೇ ಸಸಿಮಡಿ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು. ಆದರೆ ಒಂದು ಗುಡುಗು ಮಳೆ ಸಾಕು, ಸಾಸಿವೆಗಿಂತ ತುಸು ದೊಡ್ಡದಾದ ಬೀಜ ತೇಲಿ ಬೇಲಿ ಸೇರುತ್ತದೆ. ಜಗಲಿಯಾದರೆ ಮೇಲೆ ಸೂರಿದೆ, ಪಕ್ಕದಿಂದ ಬೆಳಕಿದೆ. ಕೋಳಿ ಸಾಕುವವರು ಮಾತ್ರ ಮೇಲೊಂದು ಬುಟ್ಟಿ ಕವುಚಿಡಿ. ಹದವಾದ ಮಣ್ಣು ಕಂಡ ಕೋಳಿಗೆ ಯಾವ ತಳಿಯಾದರೂ ಒಂದೇ.

ಟ್ರೇ ಕೊಳ್ಳಲೇಬೇಕೆಂದಿಲ್ಲ. ತೂತು ಮಾಡಿದ ತೆಂಗಿನ ಕರಟ, ಹಾಲಿನ ಪ್ಯಾಕೆಟ್, ಅಡಿಕೆ ಹಾಳೆ ಯಾವುದಾದರೂ ಸರಿ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು. ಹಸಿ ಗೊಬ್ಬರ ಬೇಡ. ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೂಳಬೇಡಿ. ಮೇಲೆ ಒಣಹುಲ್ಲು ಮುಚ್ಚಿ, ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ. ನಾಳೆ ಎಂದರೆ ಸಸಿ ಹುಲ್ಲಿನೊಳಗೇ ಬಾಗಿ ಬೆಳೆಯುತ್ತದೆ. ಟೊಮೆಟೊ ವಾರದೊಳಗೆ ಮೇಲೇಳುತ್ತದೆ. ಮೆಣಸಿನಕಾಯಿ ಹತ್ತು ಹನ್ನೆರಡು ದಿನ ಸತಾಯಿಸುತ್ತದೆ. ಕೆದಕಿ ನೋಡಬೇಡಿ.

ನಾನು ಮೊದಲ ವರ್ಷ ಸಸಿಗಳನ್ನು ಅಡುಗೆಮನೆಯ ಕಿಟಕಿಯ ಬಳಿ ಇಟ್ಟಿದ್ದೆ. ಕಣ್ಣೆದುರಿಗೇ ಇದ್ದುದರಿಂದ ಬೇಳೆ ತೊಳೆಯುವಾಗ ಒಂದು ಲೋಟ, ಪಾತ್ರೆ ತೊಳೆಯುವಾಗ ಒಂದು ಲೋಟ ನೀರು. ಸಸಿಗಳು ಬೆಳಕಿನ ಕಡೆ ವಾಲಿ, ನೂಲಿನಂತೆ ಉದ್ದವಾದವು. ಎತ್ತರ ಕಂಡು ನಾನು ಹಿಗ್ಗಿದೆ. ಒಂದು ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಮಲಗಿದ್ದವು, ಬುಡ ನೀರಾಡಿ ಸಣಕಲಾಗಿತ್ತು. ಅತ್ತೆ ಬಂದು ನೋಡಿ, "ಇಷ್ಟು ಉಪಚಾರ ಮಾಡಿದರೆ ನೆಂಟರೂ ಮಲಗುತ್ತಾರೆ" ಎಂದರು.

ಅದು ಸಸಿ ಕೊಳೆರೋಗ. ಸದಾ ತೇವವಿರುವ, ಗಾಳಿಯಾಡದ ಮಣ್ಣಿನಲ್ಲಿ ಶಿಲೀಂಧ್ರ ಬೆಳೆದು ಎಳೆಯ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸುತ್ತದೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಬೀಜವನ್ನು ದಟ್ಟವಾಗಿ ಚೆಲ್ಲದೆ, ನೀರನ್ನು ಬೆಳಿಗ್ಗೆ ಒಮ್ಮೆ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ಚಿಮುಕಿಸಿ. ಗೊಬ್ಬರಕ್ಕೆ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ, ಬೆರೆಸಿದರೆ ಇನ್ನೂ ಒಳ್ಳೆಯದು. ವಾಲಿದ ಸಸಿಗೆ ಬೇಕಾದದ್ದು ಬೆಳಕು. ಕರಟವನ್ನು ದಿನಕ್ಕೊಮ್ಮೆ ತಿರುಗಿಸಿಡಿ.

ಹುರುಳಿಕಾಯಿ, ಬೆಂಡೆ, ಸೌತೆಗೆ ಈ ಉಪಚಾರವೆಲ್ಲ ಬೇಡ. ಅವಕ್ಕೆ ಬೇರು ಅಲುಗಿದರೆ ಆಗದು, ನೇರ ನೆಲಕ್ಕೇ ಊರಿ. ಟೊಮೆಟೊ ವಿಷಯದಲ್ಲಿ ನನ್ನದೊಂದು ತಕರಾರಿದೆ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಎಲೆ, ಕಾಂಡ ಕೊಳೆಸುವ ಅಂಗಮಾರಿ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಅದೇ ರೋಗ ಟೊಮೆಟೊಗೂ ಬರುತ್ತದೆ. ಜಡಿಮಳೆಯ ಊರಿನಲ್ಲಿ ಬಯಲಿಗೆ ಟೊಮೆಟೊ ನೆಡುವುದಕ್ಕಿಂತ ಇನ್ನೆರಡು ಬದನೆ ನೆಡುವುದು ಮೇಲು.

ಇನ್ನು ನೆಡುವ ಮುಂಚಿನ ವಾರ. ನೆರಳಿನ ಸಸಿಯನ್ನು ಒಮ್ಮೆಗೇ ಬಿಸಿಲಿಗೆ ತಳ್ಳಿದರೆ ಎಲೆ ಸುಟ್ಟು ಬಿಳಿಚುತ್ತದೆ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಮರುದಿನ ಎರಡು, ಹಾಗೇ ಹೆಚ್ಚಿಸುತ್ತ ಹೋಗಿ. ನೀರನ್ನೂ ಕಡಿಮೆ ಮಾಡಿ. ಎಲೆ ಮಧ್ಯಾಹ್ನ ಸ್ವಲ್ಪ ಜೋತರೆ ಗಾಬರಿಯಾಗಬೇಡಿ, ಸಂಜೆಗೆ ನೆಟ್ಟಗಾದರೆ ಸಸಿ ಗಟ್ಟಿಯಾಗುತ್ತಿದೆ ಎಂದೇ ತಿಳಿಯಿರಿ. ಮೋಡ ಕವಿದ ಒಂದು ಸಂಜೆ ನೋಡಿ, ಬೇರಿನ ಮಣ್ಣು ಉದುರದಂತೆ ಕರಟ ಬೋರಲು ಹಾಕಿ ನೆಡಿ.

ಹೋದ ವರ್ಷದ ಹಣ್ಣು ಮೆಣಸಿನಕಾಯಿಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಟ್ಟಿದ್ದರೆ ಈಗಲೇ ಹುಡುಕಿ. ಇಂದು ರಾತ್ರಿ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹನ್ನೆರಡು ದಿನದಲ್ಲಿ ಆರೇಳಾದರೂ ಮೊಳೆಯದಿದ್ದರೆ ಬೇರೆ ಬೀಜ ತಂದು ಹಾಕಲು ಇನ್ನೂ ಸಮಯವಿರುತ್ತದೆ. ಮೆಣಸಿನಕಾಯಿ ಒಂದು ವಾರ ತಡವಾದೀತು, ಅಷ್ಟೇ.

ನಮಸ್ಕಾರ.